ಚಳಿಯ ಲೆಕ್ಕ ಇಡುವ ಗೆಡ್ಡೆ

ನಮ್ಮ ಪಕ್ಕದ ಮನೆಯಲ್ಲಿ ನಿವೃತ್ತ ಗಣಿತದ ಮೇಷ್ಟ್ರು ಇದ್ದಾರೆ. ಮಗಳು ನೆದರ್‌ಲ್ಯಾಂಡ್ಸ್‌ನಲ್ಲಿ ಕೆಲಸ ಮಾಡುತ್ತಾಳೆ. ಒಂದು ವರ್ಷ ದಸರಾಕ್ಕೆ ಬಂದಾಗ ಅಪ್ಪನಿಗೆ ಅಂತ ಹನ್ನೆರಡು ಟುಲಿಪ್ ಗೆಡ್ಡೆ ತಂದಳು, ತರೋದಕ್ಕೆ ಬೇಕಾದ ಕಾಗದಪತ್ರಗಳ ಸಮೇತ. ಮೇಷ್ಟ್ರು ಕೆಮ್ಮಣ್ಣು, ಮರಳು, ಹಳೇ ಸಗಣಿಗೊಬ್ಬರ ಬೆರೆಸಿ ವಿಜಯದಶಮಿಯ ದಿನವೇ ಕುಂಡಗಳಲ್ಲಿ ನೆಟ್ಟರು. ಎಲೆ ಬಂತು. ಗೇಣುದ್ದ ಆಗುವ ಮೊದಲೇ ನಿಂತುಹೋಯಿತು. ಹೂವಂತೂ ಬರಲೇ ಇಲ್ಲ.

ಆಮೇಲೆ ಶುರುವಾಯಿತು ನೋಡಿ. ಅವರ ಮನೆಯವರು "ನಿಮ್ಮ ಕೈಗುಣ ಸರಿಯಿಲ್ಲ" ಅಂದರು. ಎದುರುಮನೆಯವರು ದೃಷ್ಟಿಯಾಗಿದೆ ಅಂತ ಹೇಳಿ ಬಾಲ್ಕನಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿಸಿದರು. ಗಣಿತದ ಮೇಷ್ಟ್ರು, ನಲವತ್ತು ವರ್ಷ ಪಾಠ ಮಾಡಿದವರು, ಸುಮ್ನೆ ಕಟ್ಟಿಸಿಕೊಂಡರು! ನನಗೆ ಮೈ ಉರಿಯಿತು. ಒಂದು ಗೆಡ್ಡೆ ಕಿತ್ತು ತಂದು, ಈಳಿಗೆಮಣೆಯ ಮೇಲೆ ಉದ್ದುದ್ದ ಸೀಳಿ ಅವರಿಗೆ ತೋರಿಸಿದೆ. ಒಳಗೆ ಹೂ ಇತ್ತು. ಉಗುರಿನಷ್ಟು ಚಿಕ್ಕದು, ಒಣಗಿ ಕಂದಾಗಿತ್ತು. ಆದರೆ ಹೂವೇ.

"ಇದು ನೀವು ಬೆಳೆಸಿದ್ದಲ್ಲ ಮೇಷ್ಟ್ರೇ. ಆಗಸ್ಟ್‌ನಲ್ಲೇ, ಹಾಲೆಂಡಿನ ಯಾವುದೋ ಗೋದಾಮಿನಲ್ಲಿ ಹುಟ್ಟಿದ್ದು" ಅಂದೆ. ಅವರು ನಂಬಲಿಲ್ಲ.

ಟುಲಿಪ್ ಬಗ್ಗೆ ನಮ್ಮಲ್ಲಿ ಇರುವ ದೊಡ್ಡ ತಪ್ಪು ಕಲ್ಪನೆ ಇದು. ವಸಂತ ಬಂತು, ಬಿಸಿಲು ಬಿತ್ತು, ಗಿಡ ಖುಷಿಯಾಗಿ ಹೂ ಬಿಟ್ಟಿತು ಅಂದುಕೊಳ್ಳುತ್ತೇವೆ. ಹಾಗಲ್ಲ. ಏಪ್ರಿಲ್‌ನಲ್ಲಿ ಅರಳುವ ಹೂ ಹಿಂದಿನ ಬೇಸಿಗೆಯಲ್ಲೇ ತಯಾರಾಗಿರುತ್ತದೆ. ಜೂನ್, ಜುಲೈನಲ್ಲಿ ಹಾಲೆಂಡಿನ ರೈತರು ಗೆಡ್ಡೆಗಳನ್ನು ಕಿತ್ತು, ಒಣಗಿಸಿ, ಗಾಳಿಯಾಡುವ ಗೋದಾಮಿನಲ್ಲಿ ಬೆಚ್ಚಗೆ ಇಡುತ್ತಾರೆ. ಹೊರಗಿನಿಂದ ನೋಡಿದರೆ ಈರುಳ್ಳಿ ರಾಶಿ. ಮಣ್ಣಿಲ್ಲ, ನೀರಿಲ್ಲ, ಬೆಳಕಿಲ್ಲ. ಆ ಕತ್ತಲಲ್ಲಿ ಗೆಡ್ಡೆಯ ನಡುಮಧ್ಯದ ಮೊಳಕೆಯ ತುದಿ ಎಲೆ ಮಾಡುವುದನ್ನು ನಿಲ್ಲಿಸಿ ಹೂ ಕಟ್ಟಲು ಶುರುಮಾಡುತ್ತದೆ. ಮೊದಲು ಆರು ದಳ, ಆಮೇಲೆ ಆರು ಕೇಸರ, ಕೊನೆಗೆ ಮೂರು ಕೋಣೆಯ ಅಂಡಾಶಯ. ಈ ಕೊನೆಯ ಭಾಗ ಕಾಣಿಸಿದ ಹಂತಕ್ಕೆ ಬೆಳೆಗಾರರು 'ಜಿ ಹಂತ' ಅನ್ನುತ್ತಾರೆ. ನಾಲ್ಕಾರು ಗೆಡ್ಡೆ ಸೀಳಿ, ಸೂಕ್ಷ್ಮದರ್ಶಕದಲ್ಲಿ ನೋಡಿ, ಜಿ ಹಂತ ಬಂದಿದೆ ಅಂತ ಖಾತ್ರಿಯಾದ ಮೇಲೆಯೇ ಮುಂದಿನ ಕೆಲಸ. ಆ ಮುಂದಿನ ಕೆಲಸವೇ ಚಳಿ.

ಇಲ್ಲಿ ಸ್ವಲ್ಪ ನಿಲ್ಲೋಣ. ನನಗೆ ತುಂಬಾ ಇಷ್ಟವಾದ ಜಾಗ ಇದು.

ಹೂ ತಯಾರಾಗಿದೆ. ಊಟಕ್ಕೆ ಗೆಡ್ಡೆಯ ಪದರಗಳಲ್ಲಿ ಪಿಷ್ಟ ತುಂಬಿದೆ. ಹಾಗಿದ್ದರೆ ಸೆಪ್ಟೆಂಬರ್‌ನಲ್ಲೇ ಯಾಕೆ ಎದ್ದು ಬರಬಾರದು? ಬಂದರೆ ಸತ್ತೇ ಹೋಗುತ್ತದೆ. ಟುಲಿಪ್‌ನ ತವರು ಹಾಲೆಂಡ್ ಅಲ್ಲ. ಮಧ್ಯ ಏಷ್ಯಾದ ತಿಯಾನ್‌ಶಾನ್, ಪಾಮಿರ್ ಬೆಟ್ಟಗಳು. ಅಲ್ಲಿ ಬೇಸಿಗೆ ಅಂದರೆ ಸುಡುವ ಒಣ ಬಿಸಿಲು, ಚಳಿಗಾಲ ಅಂದರೆ ಹಿಮ. ನಡುವೆ ಹಿಮ ಕರಗಿದ ಕೆಲವೇ ವಾರ ನೀರೂ ಉಂಟು, ಬಿಸಿಲೂ ಉಂಟು. ಆ ಕಿಂಡಿಯಲ್ಲೇ ಎದ್ದು, ಅರಳಿ, ಬೀಜ ಕಟ್ಟಿ, ಮುಂದಿನ ವರ್ಷದ ಗೆಡ್ಡೆಗೆ ಊಟ ತುಂಬಿಸಿ ಮತ್ತೆ ಮಲಗಬೇಕು. ಹಾಗಾಗಿ ಗೆಡ್ಡೆಗೆ ಒಂದೇ ಪ್ರಶ್ನೆ: ಚಳಿಗಾಲ ಮುಗಿಯಿತೇ? "ಈಗ ಬೆಚ್ಚಗಿದೆಯೇ" ಅನ್ನುವುದು ಬೇರೆ ಪ್ರಶ್ನೆ. ಅಕ್ಟೋಬರ್‌ನಲ್ಲೂ ನಾಲ್ಕು ದಿನ ಬೆಚ್ಚಗಿರಬಹುದು. ಮೋಸ ಹೋಗಬಾರದು ಅಂದರೆ ಚಳಿಯನ್ನು ಎಣಿಸಬೇಕು. ಟುಲಿಪ್ ಸುಮಾರು 12ರಿಂದ 16 ವಾರ ಎಣಿಸುತ್ತದೆ. ಹೆಚ್ಚುಕಡಿಮೆ 9 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ಚಳಿ ಮಾತ್ರ ಲೆಕ್ಕಕ್ಕೆ ಬರುತ್ತದೆ.

ಈ ಎಣಿಕೆ ನಡೆಯುತ್ತಿರುವಾಗ ಒಳಗೆ ಎರಡು ಕೆಲಸ ಆಗುತ್ತವೆ. ಒಂದು, ಪಿಷ್ಟ ಒಡೆದು ಸಕ್ಕರೆ ಆಗುತ್ತದೆ. ಆಲೂಗೆಡ್ಡೆಯನ್ನು ಜಾಸ್ತಿ ದಿನ ಫ್ರಿಜ್ಜಿನಲ್ಲಿಟ್ಟರೆ ಸಿಹಿಯಾಗಿ, ಕರಿದಾಗ ಚಿಪ್ಸ್ ಕಪ್ಪಾಗುವುದಿಲ್ಲವೇ? ಅದೇ ಸಂಗತಿ. ಪಿಷ್ಟ ಅಂದರೆ ಬ್ಯಾಂಕಿನಲ್ಲಿ ಇಟ್ಟ ಠೇವಣಿ, ಸಕ್ಕರೆ ಅಂದರೆ ಜೇಬಿನ ಚಿಲ್ಲರೆ. ಬಸ್ಸಿಗೆ ಠೇವಣಿ ಪತ್ರ ತೋರಿಸಿದರೆ ಕಂಡಕ್ಟರ್ ಟಿಕೆಟ್ ಕೊಡುತ್ತಾನೆಯೇ? ಎರಡು, ಕಾಂಡದ ಜೀವಕೋಶಗಳು ಉದ್ದವಾಗಲು ಸಜ್ಜಾಗುತ್ತವೆ. ಬೆಳವಣಿಗೆಯ ಹಾರ್ಮೋನುಗಳ ಮಾತು ಕೇಳುವ ಕಿವಿ ಅವಕ್ಕೆ ಚಳಿಯಲ್ಲೇ ಬರುತ್ತದೆ. ವಸಂತದಲ್ಲಿ ಟುಲಿಪ್ ಕಾಂಡ ಸರಸರ ಏಳುವಾಗ ಹೊಸ ಕೋಶಗಳು ಹುಟ್ಟುವುದಕ್ಕಿಂತ ಇದ್ದ ಕೋಶಗಳು ಹಿಗ್ಗುವುದೇ ಹೆಚ್ಚು. ಮಡಿಸಿಟ್ಟ ಕೊಡೆಯನ್ನು ಬಿಚ್ಚಿದ ಹಾಗೆ. ಬಿಚ್ಚುವಾಗ ಯಾರೂ ಬಟ್ಟೆ ನೇಯುವುದಿಲ್ಲ, ಕಡ್ಡಿ ಜೋಡಿಸುವುದಿಲ್ಲ. ಗುಂಡಿ ಒತ್ತಿದರೆ ಸಾಕು.

ಮೇಷ್ಟ್ರ ಬಾಲ್ಕನಿಯಲ್ಲಿ ಕೊಡೆ ಇತ್ತು, ಗುಂಡಿ ಇರಲಿಲ್ಲ. ಬೆಂಗಳೂರಿನಲ್ಲಿ ಇದುವರೆಗೆ ದಾಖಲಾದ ಅತಿ ಕಡಿಮೆ ತಾಪಮಾನ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಅಂಥ ಚಳಿ ಮೂರು ತಿಂಗಳು ಎಡೆಬಿಡದೆ ಬೀಳಬೇಕು. ಕೈಗುಣ ಏನು ಮಾಡೀತು!

ಹಾಗಾದರೆ ಗಿಡ ಎಣಿಸುವುದು ಹೇಗೆ? ಗಿಡಕ್ಕೆ ತಲೆ ಇಲ್ಲ, ಬೆರಳಿಲ್ಲ. ಇದನ್ನು ತೀರಾ ಚೆನ್ನಾಗಿ ಬಿಡಿಸಿ ನೋಡಿರುವುದು ಟುಲಿಪ್‌ನಲ್ಲಲ್ಲ, ಸಾಸಿವೆಯ ಜಾತಿಯ ಅರಾಬಿಡಾಪ್ಸಿಸ್ ಎಂಬ ಪುಟ್ಟ ಕಳೆಗಿಡದಲ್ಲಿ. ಅದರಲ್ಲಿ ಎಫ್‌ಎಲ್‌ಸಿ ಎಂಬ ವಂಶವಾಹಿ ಹೂ ಬಿಡದಂತೆ ಬ್ರೇಕ್ ಹಾಕಿ ಕೂತಿರುತ್ತದೆ. ಚಳಿ ಆ ಬ್ರೇಕನ್ನು ಸಡಿಲಿಸುತ್ತದೆ. ತಮಾಷೆ ಏನೆಂದರೆ, ಒಂದೊಂದು ಕೋಶದಲ್ಲೂ ಬ್ರೇಕ್ ಅರ್ಧ ಸಡಿಲ ಆಗುವುದಿಲ್ಲ. ಒಂದೋ ಪೂರ್ತಿ ಇದೆ, ಇಲ್ಲವೇ ಪೂರ್ತಿ ಇಲ್ಲ. ರಾತ್ರಿ ನಿಮ್ಮ ಬೀದಿಯನ್ನು ಮಹಡಿ ಮೇಲಿಂದ ನೋಡಿ. ಪ್ರತಿ ಮನೆಯ ದೀಪ ಉರಿಯುತ್ತಿದೆ ಇಲ್ಲವೇ ಆರಿದೆ, ನಡುವಿನ ಸ್ಥಿತಿ ಇಲ್ಲ. ಯಾವ ಮನೆ ಯಾವಾಗ ಆರಿಸುತ್ತದೆ ಅಂತಲೂ ಹೇಳಲಾಗದು. ಆದರೂ ಎಷ್ಟು ದೀಪ ಉಳಿದಿವೆ ನೋಡಿದರೆ ಸುಮಾರು ಹೊತ್ತೆಷ್ಟು ಅಂತ ತಿಳಿಯುತ್ತದೆ, ಅಲ್ವಾ? ಚಳಿ ಒಂದೊಂದು ವಾರ ಉಳಿದಂತೆಲ್ಲ ಇನ್ನಷ್ಟು ಕೋಶಗಳು ದೀಪ ಆರಿಸುತ್ತವೆ. ಬೀದಿ ಕತ್ತಲಾದಾಗ ಗಿಡಕ್ಕೆ ಚಳಿಗಾಲ ಮುಗಿದಿದೆ. ಇನ್ನೊಂದು ಹೋಲಿಕೆ ಬೇಕೇ? ಗ್ರಾಮಸಭೆಯಲ್ಲಿ ಕೈ ಎತ್ತುವುದು. ಅರ್ಧ ಕೈ ಎತ್ತುವವರು ಇಲ್ಲ. ಎತ್ತಿದವರು ಇಳಿಸುವುದೂ ಇಲ್ಲ. ಮಧ್ಯಾಹ್ನ ಬಿಸಿಲು ಬಂದು ಬೆಚ್ಚಗಾದರೆ ಲೆಕ್ಕ ಅಳಿಸಿಹೋಗದಿರುವುದು ಇದೇ ಕಾರಣಕ್ಕೆ.

ಒಂದು ವ್ಯತ್ಯಾಸ ಹೇಳಲೇಬೇಕು. ಅರಾಬಿಡಾಪ್ಸಿಸ್‌ಗೆ, ಚಳಿಗಾಲದ ಗೋಧಿಗೆ ಚಳಿ ಬೇಕಾಗುವುದು ಹೂ ಕಟ್ಟುವುದಕ್ಕೆ. ಟುಲಿಪ್‌ಗೆ ಬೇಕಾಗುವುದು ಆಗಲೇ ಕಟ್ಟಿದ ಹೂವನ್ನು ಮೇಲೆತ್ತುವುದಕ್ಕೆ. ಎರಡನ್ನೂ ಒಂದೇ ಹೆಸರಿನಲ್ಲಿ ಕರೆಯುವವರು ಬಹಳ. ಚಳಿಗಾಲದ ಧಾನ್ಯಗಳಿಗೆ ಚಳಿ ಬೇಕೆಂಬುದನ್ನು ಜರ್ಮನಿಯ ಗುಸ್ತಾವ್ ಗಾಸ್ನರ್ 1918ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದ. ಅದಾಗಿ ಹತ್ತು ವರ್ಷಕ್ಕೆ ಸೋವಿಯತ್ ರಷ್ಯಾದಲ್ಲಿ ಟ್ರೊಫಿಮ್ ಲೈಸೆಂಕೊ ಅದನ್ನೇ ದೊಡ್ಡ ಪವಾಡ ಎಂಬಂತೆ ಹೊತ್ತು ತಿರುಗಿದ. ಚಳಿ ಕೊಟ್ಟ ಬೀಜದ ಗುಣ ಮುಂದಿನ ಪೀಳಿಗೆಗೂ ಇಳಿಯುತ್ತದೆ ಅಂದ. ಇಳಿಯುವುದಿಲ್ಲ. ಪ್ರತಿ ಬೀಜವೂ ಎಣಿಕೆಯನ್ನು ಸೊನ್ನೆಯಿಂದಲೇ ಶುರುಮಾಡುತ್ತದೆ. ಆದರೆ ಸ್ಟಾಲಿನ್ ಲೈಸೆಂಕೊನನ್ನು ಮೆಚ್ಚಿದ. ತಪ್ಪು ಅಂದ ದೊಡ್ಡ ವಿಜ್ಞಾನಿ ನಿಕೊಲಾಯ್ ವಾವಿಲೊವ್ 1940ರಲ್ಲಿ ಜೈಲು ಸೇರಿ, 1943ರಲ್ಲಿ ಸರಾತೊವ್‌ನ ಸೆರೆಮನೆಯಲ್ಲೇ ತೀರಿಕೊಂಡರು. ನಿಂಬೆಹಣ್ಣು, ಮೆಣಸಿನಕಾಯಿಯಿಂದ ಆಗುವ ನಷ್ಟ ಹತ್ತು ರೂಪಾಯಿ. ಸರ್ಕಾರವೇ ಮೂಢನಂಬಿಕೆ ಹಿಡಿದರೆ ಹೀಗಾಗುತ್ತದೆ.

ಎಲ್ಲಿಂದ ಎಲ್ಲಿಗೋ ಬಂದೆ. ಹಾಲೆಂಡಿಗೆ ವಾಪಸ್ ಹೋಗೋಣ.

ಒಮ್ಮೆ ಏಪ್ರಿಲ್ ಮೂರನೇ ವಾರ ಲಿಸ್ಸೆ ಎಂಬ ಊರಿನ ಕ್ಯೂಕೆನ್‌ಹಾಫ್ ತೋಟಕ್ಕೆ ಹೋಗಿದ್ದೆ. ಹೆಸರಿನ ಅರ್ಥ 'ಅಡುಗೆಮನೆಯ ತೋಟ'. ಹದಿನೈದನೇ ಶತಮಾನದಲ್ಲಿ ಯಾಕೋಬಾ ಎಂಬ ಒಡತಿಯ ಕೋಟೆಯ ಅಡುಗೆಗೆ ಸೊಪ್ಪು, ಮೂಲಿಕೆ ಬರುತ್ತಿದ್ದ ಹಿತ್ತಲು ಅದು. 1949ರಲ್ಲಿ ಗೆಡ್ಡೆ ರಫ್ತು ಮಾಡುವವರು ಸೇರಿ ಅದನ್ನು ತಮ್ಮ ಪ್ರದರ್ಶನದ ಜಾಗ ಮಾಡಿಕೊಂಡರು. 1950ರಲ್ಲಿ ಬಾಗಿಲು ತೆರೆಯಿತು. 32 ಹೆಕ್ಟೇರ್, ಸುಮಾರು 70 ಲಕ್ಷ ಗೆಡ್ಡೆ, ವರ್ಷಕ್ಕೆ ಎಂಟೇ ವಾರ. ಮಾರ್ಚ್ ನಡುವಿನಿಂದ ಮೇ ನಡುವಿನ ತನಕ. ಎಂಟು ವಾರವೂ ಹೂ ಇರುವಂತೆ ಮಾಡಲು ಒಂದೇ ಗುಂಡಿಯಲ್ಲಿ ಮೂರು ಅಂತಸ್ತಿನಲ್ಲಿ ಗೆಡ್ಡೆ ನೆಡುತ್ತಾರೆ. ಬೇಗ ಅರಳುವ ಕ್ರೋಕಸ್‌ನಂಥವು ಮೇಲೆ, ತಡವಾಗಿ ಅರಳುವ ಟುಲಿಪ್ ಕೆಳಗೆ. ಒಂದು ಬಾಡುವಾಗ ಇನ್ನೊಂದು ಅದರ ನಡುವಿನಿಂದಲೇ ಮೇಲೆ ಬರುತ್ತದೆ. ಋತು ಮುಗಿದ ಮೇಲೆ ಎಲ್ಲವನ್ನೂ ಕಿತ್ತು ಹಾಕಿ, ಶರತ್ಕಾಲದಲ್ಲಿ ಮತ್ತೆ ಕೈಯಿಂದಲೇ ನೆಡುತ್ತಾರೆ. ಅದು ತೋಟ ಅನ್ನುವುದಕ್ಕಿಂತ ಅಂಗಡಿಯ ಗಾಜಿನ ಕಪಾಟು. ನೋಡಿ, ಮೆಚ್ಚಿ, ಯಾವುದು ಬೇಕೋ ಬರೆದುಕೊಂಡು ಹೋಗಿ ಅನ್ನುವ ವ್ಯವಸ್ಥೆ. ಅಂದಹಾಗೆ, ಗೇಟು ದಾಟುತ್ತಿದ್ದಂತೆ ಮೂಗಿಗೆ ಬಡಿಯುವ ಘಮ ಟುಲಿಪ್‌ನದಲ್ಲ, ಹಯಸಿಂತ್ ಹೂವಿನದು. ಬಹಳಷ್ಟು ಟುಲಿಪ್‌ಗಳಿಗೆ ವಾಸನೆಯೇ ಇಲ್ಲ.

ನಮ್ಮವರಿಗೆ ಈ ಜಾಗ ಗೊತ್ತಾಗಿದ್ದು 1981ರ ಹಿಂದಿ ಸಿನಿಮಾವೊಂದರ ಹಾಡಿನಿಂದ. ಅಮಿತಾಭ್, ರೇಖಾ ಹೂಗಳ ನಡುವೆ ನಡೆದಾಡಿದ್ದು ಯಾರಿಗೆ ಮರೆಯುತ್ತದೆ? ಅದನ್ನು ನೆನಪಿಟ್ಟುಕೊಂಡು ಹೋದವರು ಕಣ್ಣು ಹಾಯುವಷ್ಟು ದೂರ ಬಣ್ಣದ ಪಟ್ಟೆ ಹುಡುಕುತ್ತಾರೆ. ಅವು ತೋಟದ ಹೊರಗೆ, ರೈತರ ಹೊಲದಲ್ಲಿವೆ. ಬಾಡಿಗೆ ಸೈಕಲ್ ತೆಗೆದುಕೊಂಡು ಹೊಲಗಳ ಬದಿಯ ದಾರಿಯಲ್ಲಿ ಹೋದರೆ ಸಾಕು. ಆದರೆ ಹೊಲಕ್ಕೆ ಕಾಲಿಡಬೇಡಿ. ಫೋಟೊಗಾಗಿ ನಡುವೆ ಹೋಗಿ ನಿಲ್ಲುವವರ ಬೂಟಿನ ಮಣ್ಣಿನಲ್ಲಿ ರೋಗ ಒಂದು ಹೊಲದಿಂದ ಇನ್ನೊಂದಕ್ಕೆ ಹೋಗುತ್ತದೆ. ನಮ್ಮ ಭತ್ತದ ಗದ್ದೆಗೆ ಯಾರಾದರೂ ಚಪ್ಪಲಿ ಹಾಕಿಕೊಂಡು ಇಳಿದು ಸೆಲ್ಫಿ ತೆಗೆದರೆ ಏನಂತೀವಿ?

ನಾನು ನೋಡುತ್ತಿದ್ದಾಗಲೇ ಒಂದು ಯಂತ್ರ ಕೆಂಪು ಹೊಲಕ್ಕೆ ಇಳಿಯಿತು. ಐದು ನಿಮಿಷದಲ್ಲಿ ಒಂದು ಪಟ್ಟೆ ಪೂರ್ತಿ ಹಸಿರಾಯಿತು. ಹೂಗಳ ತಲೆ ಕತ್ತರಿಸುತ್ತಿದ್ದರು! ನನ್ನ ಪಕ್ಕದಲ್ಲಿದ್ದ ಹೆಂಗಸೊಬ್ಬರು ಕೆನ್ನೆಗೆ ಕೈ ಇಟ್ಟುಕೊಂಡರು. ರೈತನಿಗೆ ಬೇಕಾದ್ದು ಗೆಡ್ಡೆ. ಹೂ ಉಳಿದರೆ ಸಕ್ಕರೆಯೆಲ್ಲ ಬೀಜಕ್ಕೆ ಹೋಗುತ್ತದೆ. ತಲೆ ತೆಗೆದರೆ ಎಲೆ ಮಾಡುವ ಊಟವೆಲ್ಲ ಕೆಳಗಿಳಿಯುತ್ತದೆ. ನೆಟ್ಟ ಗೆಡ್ಡೆ ಅಷ್ಟರಲ್ಲಿ ಕರಗಿ ಮುಗಿದಿರುತ್ತದೆ. ಅದರ ಜಾಗದಲ್ಲಿ ಒಂದು ದೊಡ್ಡದು, ಕೆಲವು ಚಿಕ್ಕವು, ಹೀಗೆ ಮರಿಗೆಡ್ಡೆಗಳು ಊದಿಕೊಳ್ಳುತ್ತವೆ. ಬಾಳೆಯ ತಾಯಿಗಿಡ ಗೊನೆ ಬಿಟ್ಟು ಸತ್ತು ಕಂದು ಉಳಿಯುತ್ತದಲ್ಲ, ಹಾಗೆ. ರೈತನಿಗೆ ಹೂ ಒಂದು ತಪಾಸಣೆ ಮಾತ್ರ. ತಳಿ ಸರಿಯಿದೆಯೇ, ರೋಗ ಬಂದಿದೆಯೇ ನೋಡಲು ಕೆಲವು ದಿನ ಬಿಡುತ್ತಾನೆ. ಪ್ರವಾಸಿಗರು ನೋಡುವುದು ಆ ಕೆಲವು ದಿನಗಳನ್ನು.

ಈ ಪಂಚಾಂಗ ತಲೆಯಲ್ಲಿದ್ದರೆ 'ಟುಲಿಪ್ ಹುಚ್ಚಿ'ನ ಕಥೆಯೂ ಬೇರೆಯಾಗಿ ಕಾಣುತ್ತದೆ. ಕರೋಲಸ್ ಕ್ಲೂಸಿಯಸ್ ಎಂಬ ಸಸ್ಯಶಾಸ್ತ್ರಜ್ಞ 1593ರಲ್ಲಿ ಲೈಡನ್ ವಿಶ್ವವಿದ್ಯಾಲಯದ ತೋಟಕ್ಕೆ ಬಂದು ಟುಲಿಪ್ ನೆಟ್ಟ. ಮರುವರ್ಷ ಅರಳಿತು. ಅವನ ತೋಟದಿಂದ ಗೆಡ್ಡೆ ಕದ್ದವರೂ ಇದ್ದರು. ನಲವತ್ತು ವರ್ಷದಲ್ಲಿ ಬೆಲೆ ಆಕಾಶಕ್ಕೇರಿತು. ಯಾವಾಗ? 1636-37ರ ಚಳಿಗಾಲದಲ್ಲಿ. ಗೆಡ್ಡೆ ಆಗ ನೆಲದೊಳಗೆ ಚಳಿ ಎಣಿಸುತ್ತಾ ಕೂತಿತ್ತು! ಕೀಳುವ ಹಾಗಿಲ್ಲ, ತೋರಿಸುವ ಹಾಗಿಲ್ಲ. ಹೆಂಡದಂಗಡಿಗಳಲ್ಲಿ ಕೂತು ಬರೀ ಚೀಟಿ ಬರೆದುಕೊಂಡರು: ಬೇಸಿಗೆಯಲ್ಲಿ ಕಿತ್ತಾಗ ಕೊಡುತ್ತೇನೆ, ಆಗ ದುಡ್ಡು ಕೊಡು. ಆ ಚೀಟಿಯನ್ನು ಇನ್ನೊಬ್ಬನಿಗೆ, ಅವನು ಮತ್ತೊಬ್ಬನಿಗೆ. ಡಚ್ಚರೇ ಇದನ್ನು 'ಗಾಳಿ ವ್ಯಾಪಾರ' ಅಂದರು. 1637ರ ಫೆಬ್ರುವರಿ 5ರಂದು ಆಲ್ಕ್‌ಮಾರ್ ಊರಿನಲ್ಲಿ ತೀರಿಹೋದ ಒಬ್ಬ ಹೋಟೆಲಿನವನ ಅನಾಥ ಮಕ್ಕಳ ಪರವಾಗಿ ಹರಾಜು ನಡೆದು ಸುಮಾರು 90,000 ಗಿಲ್ಡರ್ (ಡಚ್ಚರ ಆಗಿನ ನಾಣ್ಯ) ಬಂತು. ಕಸುಬು ಬಲ್ಲ ಕೆಲಸಗಾರನ ವರ್ಷದ ದುಡಿಮೆ ಆಗ ಹೆಚ್ಚುಕಡಿಮೆ 300 ಗಿಲ್ಡರ್. ಅದೇ ವಾರ ಹಾರ್ಲೆಮ್‌ನಲ್ಲಿ ಕೊಳ್ಳುವವರೇ ಇಲ್ಲವಾಗಿ ಎಲ್ಲ ಕುಸಿಯಿತು. ಒಂದು ಗೆಡ್ಡೆಯೂ ಇನ್ನೂ ಮೇಲೆ ಬಂದಿರಲಿಲ್ಲ.

ಇಡೀ ದೇಶ ದಿವಾಳಿಯಾಯಿತು, ಜನ ಕಾಲುವೆಗೆ ಹಾರಿದರು ಅನ್ನುವುದು ಆಮೇಲೆ ಕಟ್ಟಿದ ಕಥೆ. ಇತಿಹಾಸಗಾರ್ತಿ ಆನ್ ಗೋಲ್ಡ್‌ಗರ್ ಹಳೆಯ ದಾಖಲೆಗಳನ್ನೆಲ್ಲ ಜಾಲಾಡಿದರು. ಕಾಲುವೆಗೆ ಹಾರಿದ ಒಬ್ಬರೂ ಸಿಗಲಿಲ್ಲ. 1638ರಲ್ಲಿ ಹಾರ್ಲೆಮ್ ನಗರದವರು ನೂರಕ್ಕೆ ಮೂರೂವರೆ ಕೊಟ್ಟು ಒಪ್ಪಂದದಿಂದ ಬಿಡಿಸಿಕೊಳ್ಳಿ ಅಂದರು. ಚೀಟಿ ಹರಿದರು, ಮನಸ್ತಾಪ ಉಳಿಯಿತು. ಒಬ್ಬ ನಾವಿಕ ಬೆಲೆಬಾಳುವ ಗೆಡ್ಡೆಯನ್ನು ಈರುಳ್ಳಿ ಅಂತ ತಿಂದ ಕಥೆಯೂ ಅಷ್ಟೆ. ಎರಡರ ರುಚಿಗೂ ಸಂಬಂಧವೇ ಇಲ್ಲ. ನಿಜವಾಗಿ ತಿಂದದ್ದು 1944-45ರ ಹಸಿವಿನ ಚಳಿಗಾಲದಲ್ಲಿ. ನಾಜಿಗಳ ಹಿಡಿತದಲ್ಲಿದ್ದ ಪಶ್ಚಿಮ ಹಾಲೆಂಡಿಗೆ ಆಹಾರ ನಿಂತಿತ್ತು. ಗೆಡ್ಡೆಯ ನಡುವಿನ ಹಳದಿ ಮೊಳಕೆ ತೆಗೆದು, ಬೇಯಿಸಿ ತಿಂದು ಜನ ಜೀವ ಉಳಿಸಿಕೊಂಡರು. ಹೂವಿಗೆಂದು ಕಟ್ಟಿಟ್ಟ ಬುತ್ತಿ ಅದು.

ಆ ಹುಚ್ಚಿನ ಕಾಲದಲ್ಲಿ ಅತಿ ಹೆಚ್ಚು ಬೆಲೆ ಇದ್ದದ್ದು ಬಿಳಿಯ ಮೇಲೆ ಕೆಂಪು, ನೇರಳೆ ಜ್ವಾಲೆಯಂಥ ಗೆರೆಗಳಿದ್ದ ಹೂಗಳಿಗೆ. ಒಂದೇ ಬಣ್ಣದ ಗಿಡ ಒಂದು ವರ್ಷ ಇದ್ದಕ್ಕಿದ್ದಂತೆ ಹೀಗೆ 'ಒಡೆಯುತ್ತಿತ್ತು'. ಒಡೆಯಲಿ ಅಂತ ಹೊಲಕ್ಕೆ ಏನೇನೋ ಪುಡಿ ಎರಚಿದವರಿದ್ದಾರೆ. ಹಾಗೆ ಒಡೆದ ಗಿಡ ಸೊರಗುತ್ತದೆ ಎಂಬುದನ್ನು ಕ್ಲೂಸಿಯಸ್ ಆಗಲೇ ಗಮನಿಸಿದ್ದ. ಕಾರಣ ಗೊತ್ತಾಗಿದ್ದು 1928ರಲ್ಲಿ. ಇಂಗ್ಲೆಂಡಿನ ಜಾನ್ ಇನ್ನೆಸ್ ಸಂಸ್ಥೆಯ ಡೊರೊಥಿ ಕೇಲಿ ಒಡೆದ ಗೆಡ್ಡೆಯ ತುಂಡನ್ನು ಆರೋಗ್ಯವಾದ ಗೆಡ್ಡೆಗೆ ಕಸಿ ಮಾಡಿ, ಇದು ಅಂಟುರೋಗ ಅಂತ ತೋರಿಸಿದರು. ಗಿಡಹೇನು ಹರಡುವ ವೈರಸ್ ಅದು. ಅದು ಬಣ್ಣ ಹಚ್ಚುವುದಿಲ್ಲ, ಬಣ್ಣ ತಡೆಯುತ್ತದೆ. ತಡೆದ ಕಡೆ ಕೆಳಗಿನ ಬಿಳಿ ಅಥವಾ ಹಳದಿ ಇಣುಕುತ್ತದೆ. ರೋಗ ಬಂದ ಗೆಡ್ಡೆ ಮರಿ ಹಾಕುವುದು ಕಡಿಮೆ, ಹಾಗಾಗಿ ಅಪರೂಪ, ಹಾಗಾಗಿ ದುಬಾರಿ. ಇವತ್ತು ಅಂಗಡಿಯಲ್ಲಿ ಸಿಗುವ ಗೆರೆ ಟುಲಿಪ್ ರೋಗದ್ದಲ್ಲ, ತಳಿಯೇ ಹಾಗೆ. ವೈರಸ್ ಇರುವ ಹಳೆಯವನ್ನು ಲಿಮ್ಮೆನ್ ಊರಿನ ಹಾರ್ಟಸ್ ಬಲ್ಬೋರಮ್ ತೋಟದಂಥ ಕೆಲವೇ ಕಡೆ ಜೋಪಾನ ಮಾಡಿದ್ದಾರೆ.

ಹಾಲೆಂಡ್ ದೂರ ಆಯಿತೆಂದರೆ ಶ್ರೀನಗರವಿದೆ. ದಾಲ್ ಸರೋವರದ ಪಕ್ಕ, ಜಬರ್ವಾನ್ ಬೆಟ್ಟದ ತಪ್ಪಲಲ್ಲಿ 2007ರಲ್ಲಿ ತೆರೆದ ಟುಲಿಪ್ ತೋಟ. ಗೆಡ್ಡೆ ಹಾಲೆಂಡಿನದೇ. ಆದರೆ ಅಲ್ಲಿ ಚಳಿಯನ್ನು ಸಾಲ ತರಬೇಕಿಲ್ಲ. ಡಿಸೆಂಬರ್ 21ರಿಂದ ನಲವತ್ತು ದಿನದ 'ಚಿಲ್ಲೈ ಕಲಾನ್' ಎಂಬ ಕಡುಚಳಿ ಒಂದೇ ಅರ್ಧಕ್ಕಿಂತ ಸ್ವಲ್ಪವೇ ಕಡಿಮೆ ಲೆಕ್ಕ ಮುಗಿಸುತ್ತದೆ. ಕಾಶ್ಮೀರಕ್ಕೆ ಟುಲಿಪ್ ಹೊಸದೂ ಅಲ್ಲ. 1620ರಲ್ಲಿ ಅಲ್ಲಿಗೆ ಹೋಗಿದ್ದ ಜಹಾಂಗೀರ್ ಮನೆಗಳ ಮಣ್ಣಿನ ಮಾಡಿನ ಮೇಲೆ ಟುಲಿಪ್ ಅರಳುವುದನ್ನು ಬರೆದಿಟ್ಟಿದ್ದಾನೆ. ಅವನ ಆಸ್ಥಾನದ ಚಿತ್ರಕಾರ ಮನ್ಸೂರ್ ಬಿಡಿಸಿದ ಕೆಂಪು ಟುಲಿಪ್ ಇವತ್ತಿಗೂ ಉಳಿದಿದೆ.

ಮೇಷ್ಟ್ರು ಸೋಲುವವರಲ್ಲ. ಮುಂದಿನ ಸೆಪ್ಟೆಂಬರ್‌ನಲ್ಲಿ ಮತ್ತೆ ಆರು ಗೆಡ್ಡೆ ತರಿಸಿದರು. ಕಾಗದದ ಚೀಲದಲ್ಲಿ ಹಾಕಿ, 'ಈರುಳ್ಳಿ ಅಲ್ಲ, ಮುಟ್ಟಬೇಡಿ' ಅಂತ ಬರೆದು, ಫ್ರಿಜ್ಜಿನ ತರಕಾರಿ ಡಬ್ಬದಲ್ಲಿಟ್ಟರು. ನಾನು ಹೋಗಿ ನೋಡಿದರೆ ಪಕ್ಕದಲ್ಲೇ ನಾಲ್ಕು ಸೇಬು! ಸೇಬು ಬಿಡುವ ಎಥಿಲೀನ್ ಅನಿಲಕ್ಕೆ ಗೆಡ್ಡೆಯೊಳಗಿನ ಮೊಗ್ಗು ಕರಟಿಹೋಗುತ್ತದೆ. ಸೇಬನ್ನು ಹೊರಗೆ ತೆಗೆಸಿದೆ. ಹದಿನಾಲ್ಕು ವಾರ ಮೇಷ್ಟ್ರು ಕ್ಯಾಲೆಂಡರಿನಲ್ಲಿ ಗೀಟು ಹಾಕಿದರು. ಹೊಸ ವರ್ಷ ಕಳೆದ ಮೇಲೆ ನೆಟ್ಟು, ಕುಂಡಗಳನ್ನು ನೆರಳಲ್ಲಿಟ್ಟರು.

ಫೆಬ್ರುವರಿಯಲ್ಲಿ ಒಂದು ಮಧ್ಯಾಹ್ನ ಫೋನ್ ಬಂತು. ನಾಲ್ಕು ಹೂ ಬಿಟ್ಟಿವೆಯಂತೆ. ಆದರೆ ಧ್ವನಿಯಲ್ಲಿ ಸಂಭ್ರಮ ಇರಲಿಲ್ಲ. "ಇದು ಟುಲಿಪ್ಪೇ ಅಲ್ಲ ಕಣ್ರೀ. ಮೋಸ. ಬಟ್ಟಲಿನ ಹಾಗೆ ಇರಬೇಕಲ್ವಾ? ತಟ್ಟೆ ಥರ ಬಿಚ್ಚಿಕೊಂಡಿದೆ."

ಟುಲಿಪ್ ದಳದ ಒಳಮೈ ಬೆಚ್ಚಗಿದ್ದಾಗ ಬೇಗ ಬೆಳೆಯುತ್ತದೆ, ಹೊರಮೈ ತಂಪಿನಲ್ಲಿ. ಒಳಗಡೆ ಹಿಗ್ಗಿದರೆ ಹೂ ತೆರೆದುಕೊಳ್ಳುತ್ತದೆ, ಹೊರಗಡೆ ಹಿಗ್ಗಿದರೆ ಮುಚ್ಚಿಕೊಳ್ಳುತ್ತದೆ. ಬೆಂಗಳೂರಿನ ಫೆಬ್ರುವರಿ ಮಧ್ಯಾಹ್ನದಲ್ಲಿ ಅದು ತಟ್ಟೆಯಾಗದೆ ಇನ್ನೇನಾಗುತ್ತದೆ? ಇದನ್ನೆಲ್ಲ ಫೋನಿನಲ್ಲಿ ಹೇಳುವ ತಾಳ್ಮೆ ಇರಲಿಲ್ಲ. "ನಾಳೆ ಬೆಳಿಗ್ಗೆ ಬಿಸಿಲು ಬರುವ ಮೊದಲು ಎದ್ದು ನೋಡಿ" ಅಂದೆ.

ಮರುದಿನ ಆರು ಗಂಟೆಗೆ ಮತ್ತೆ ಫೋನ್. "ಮುಚ್ಚಿಕೊಂಡಿದೆ ಕಣ್ರೀ! ಬಟ್ಟಲು! ಬೇಗ ಬನ್ನಿ, ಬಿಸಿಲು ಬರೋದ್ರೊಳಗೆ."